ಆನೆ ಕತ್ತರಿಸಿದರೆ ಹಂದಿ ಆಗುತ್ತಿದೆ! ಮೆತ್ತನೆಯ ಶುಗರ್ ಕುಕೀ ಮಾಡುವವರು ಸ್ವಲ್ಪ ನೋಡಿ

ತೋಟದಮನೆ (ಸುಂಟಿಕೊಪ್ಪ ಹತ್ತಿರ)

ಎರಡು ವಾರದಿಂದ ಇದೇ ಗೋಳು, ಅದಕ್ಕೇ ಬರೆಯುತ್ತಿದ್ದೇನೆ.

ಮಗಳಿಗೆ ಒಂಬತ್ತು ವರ್ಷ. ಕ್ರಿಸ್‌ಮಸ್ ರಜೆಯಲ್ಲಿ ಗೆಳತಿಯರನ್ನೆಲ್ಲ ಮನೆಗೆ ಕರೆದಿದ್ದಾಳೆ. ಅಚ್ಚಿನಲ್ಲಿ ಕತ್ತರಿಸಿ, ಮೇಲೆ ಬಣ್ಣ ಬಳಿಯುವ ಶುಗರ್ ಕುಕೀಯೇ ಬೇಕಂತೆ. ಆನೆ, ನಕ್ಷತ್ರ, ಎಲೆ ಅಂತ ಮೂರು ಅಚ್ಚು ಮೈಸೂರಿನಿಂದ ತಂದೆ. ಅಳತೆ ಇದು: ಬೆಣ್ಣೆ 200 ಗ್ರಾಂ, ಸಕ್ಕರೆ 170 ಗ್ರಾಂ, ಮೊಟ್ಟೆ ಒಂದು, ಮೈದಾ 350 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ವೆನಿಲಾ. ಓವನ್ 175 ಡಿಗ್ರಿ.

ಕಚ್ಚಿದರೆ ಮೆತ್ತಗಿರಬೇಕು, ಆಕಾರ ಮಾತ್ರ ಅಚ್ಚಿನ ಹಾಗೇ ನಿಲ್ಲಬೇಕು. ನನಗೆ ಎರಡೂ ಸಿಗುತ್ತಿಲ್ಲ. ಒಳಗಿಟ್ಟ ಐದು ನಿಮಿಷಕ್ಕೇ ಹರಡಲು ಶುರು. ಸೊಂಡಿಲು ಹೋಗಿ ಹೊಟ್ಟೆಗೆ ಅಂಟಿಕೊಂಡು ಆನೆ ಹಂದಿಯಾಗುತ್ತದೆ. ಸ್ವಲ್ಪ ಬಣ್ಣ ಬರಲಿ ಎಂದು ಬಿಟ್ಟರೆ, ಆರಿದ ಮೇಲೆ ಕಲ್ಲು.

ತಲೆಗೆ ಹೋಗದ ವಿಷಯ ಒಂದಿದೆ. ಹೋದ ಭಾನುವಾರ ಇದೇ ಹಿಟ್ಟಿನಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿ ಮೈಸೂರಿಗೆ ಅಕ್ಕನ ಮನೆಗೆ ಒಯ್ದಿದ್ದೆ. ಅಲ್ಲಿ ಆನೆ ಆನೆಯಾಗಿಯೇ ಬಂತು! ಓವನ್ ಕೂಡ ಬೇರೆ ಅಲ್ಲ. ಅಮ್ಮ ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಓಟಿಜಿ (ಮೇಜಿನ ಮೇಲಿಡುವ ಚಿಕ್ಕ ಕರೆಂಟ್ ಓವನ್) ಕೊಡಿಸಿದ್ದು.

ಪಂದಿಕರಿಪ್ರಿಯ

ಕೊಡಗಿನಲ್ಲಿ ಹಂದಿ ಆಯಿತು ಅಂತ ದೂರು ಕೊಡುತ್ತಿರುವ ಮೊದಲನೆಯವರು ನೀವೇ ಇರಬೇಕು. ಮೇಲೆ ಎರಡು ಹನಿ ಕಾಚಂಪುಳಿ, ಅದೇ ಹಂದಿ ಕರಿಗೆ ಹಾಕುವ ಹುಳಿ, ಬಿಡಿ, ಎಲ್ಲ ಸರಿಹೋಗುತ್ತದೆ.

ವಿರಾಜಪೇಟೆ ಆಂಟಿ

ತಮಾಷೆ ಆಮೇಲೆ. ನೋಡಮ್ಮ, ನಾನು ಇಪ್ಪತ್ತು ವರ್ಷದಿಂದ ಡಿಸೆಂಬರ್ ಬಂದರೆ ಇದನ್ನೇ ಮಾಡುವವಳು. ಮೊದಲು ಸಕ್ಕರೆ ಯಾವುದು ಹೇಳು. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಹಾಗೇ ಹಾಕಿದರೆ ಬೆಣ್ಣೆಯಲ್ಲಿ ಬೆರೆಯುವುದಿಲ್ಲ, ಓವನ್ ಒಳಗೆ ಹೋಗಿ ಕರಗುತ್ತದೆ. ಕರಗಿದ ಸಕ್ಕರೆ ಅಂದರೆ ಪಾಕ, ಪಾಕ ಹರಿಯದೆ ಇರುತ್ತದಾ? ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೋ. ಪೂರ್ತಿ ಹಿಟ್ಟು ಆಗುವುದು ಬೇಡ, ಸಣ್ಣ ರವೆ ಹದ ಸಾಕು.

ಎರಡನೆಯದು ಬೆಣ್ಣೆ. ಮನೆಯಲ್ಲಿ ಕಡೆದ ಬೆಣ್ಣೆಯೋ, ಪ್ಯಾಕೆಟ್ಟೋ? ಮನೆಯದರಲ್ಲಿ ನೀರು ಜಾಸ್ತಿ ಉಳಿದಿರುತ್ತದೆ. ಎಷ್ಟು ಹಿಂಡಿದೆವು ಅನ್ನುವುದರ ಮೇಲೆ ಪ್ರತಿ ಸಲವೂ ಬೇರೆ ಹದ. ಪ್ಯಾಕೆಟ್ಟಿನದಾದರೆ ಕೊಬ್ಬು ನೂರಕ್ಕೆ 80ಕ್ಕೆ ಕಡಿಮೆ ಇರುವುದಿಲ್ಲ, ಲೆಕ್ಕ ತಪ್ಪುವುದಿಲ್ಲ. ಉಪ್ಪಿನ ಬೆಣ್ಣೆ ಇದ್ದರೂ ನಡೆಯುತ್ತದೆ, ಬೇರೆ ಉಪ್ಪು ಹಾಕಬೇಡ ಅಷ್ಟೇ.

ಇನ್ನೊಂದು, ಡಿಸೆಂಬರ್ ಚಳಿಗೆ ಬೆಣ್ಣೆ ಕಲ್ಲಾಗಿರುತ್ತದೆ ಎಂದು ಬಚ್ಚಲೊಲೆ ಪಕ್ಕ ಇಡುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಒಂದು ಮಗ್ಗುಲು ಎಣ್ಣೆ, ಒಂದು ಮಗ್ಗುಲು ಕಲ್ಲು! ಅದು ಬೇಡ. ಚಿಕ್ಕ ತುಂಡು ಮಾಡಿ ಅಡುಗೆಮನೆಯಲ್ಲೇ ಒಂದು ಗಂಟೆ ಇಡು. ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು.

ತೋಟದಮನೆ

ಆಂಟಿ, ಬೆಣ್ಣೆ ಪ್ಯಾಕೆಟ್ಟಿನದೇ. ಸಕ್ಕರೆ ಮಾತ್ರ ಡಬ್ಬದಿಂದ ಹಾಗೇ ಸುರಿದಿದ್ದೆ, ಅದು ನನ್ನ ತಪ್ಪು. ಆದರೆ ಮೈಸೂರಿಗೆ ಒಯ್ದದ್ದೂ ಅದೇ ಹಿಟ್ಟಲ್ವಾ? ಅಲ್ಲಿ ಯಾಕೆ ಹರಡಲಿಲ್ಲ?

ಬೆಟ್ಟದಹವಾ

ಎತ್ತರ ಇರಬೇಕು. ಮಡಿಕೇರಿ ಕಡೆ ಸಾವಿರ ಮೀಟರಿಗೂ ಮೇಲೆ. ಗಾಳಿಯ ಒತ್ತಡ ಕಡಿಮೆ, ನೀರು ಮೂರು ನಾಲ್ಕು ಡಿಗ್ರಿ ಮೊದಲೇ ಕುದಿಯುತ್ತದೆ. ಬೇಕಿಂಗ್ ಪೌಡರಿನ ಗಾಳಿಗುಳ್ಳೆ ಬೇಗ ಉಬ್ಬಿ ಒಡೆಯುತ್ತದೆ. ಪೌಡರ್ ಅರ್ಧ ಮಾಡಿ, ಸಕ್ಕರೆ ಒಂದು ಚಮಚ ಕಡಿಮೆ ಮಾಡಿ.

ಕುಶಾಲನಗರ ಬೇಕರಿ ಹುಡುಗ

ಮೈಸೂರೂ 700 ಮೀಟರಿಗಿಂತ ಮೇಲೆಯೇ ಇದೆ ಅಣ್ಣ. ನಡುವಿನ ವ್ಯತ್ಯಾಸಕ್ಕೆ ಕೇಕ್ ಆದರೆ ಒಂಚೂರು ಕುಸಿಯಬಹುದು. ಕುಕೀ ಆನೆಯಿಂದ ಹಂದಿ ಆಗುವಷ್ಟು ಅಲ್ಲ. ಪೌಡರ್ ಅರ್ಧ ಮಾಡುವ ಮಾತು ಮಾತ್ರ ಒಪ್ಪುತ್ತೇನೆ. ಅಚ್ಚಿನ ಕುಕೀ ಉಬ್ಬಬಾರದು. ಅಂಚು ಚೂಪಾಗಿ ಬೇಕಿದ್ದರೆ ನಾವು ಅರ್ಧ ಚಮಚಕ್ಕೇ ನಿಲ್ಲಿಸುತ್ತೇವೆ.

ಲಟ್ಟಿಸುವುದು ಹೇಗೆ ಅಕ್ಕ? ಚಪಾತಿ ಥರ ಹಿಟ್ಟು ಉದುರಿಸಿಕೊಂಡು ಲಟ್ಟಿಸಿದರೆ ಒಣ ಮೈದಾ ಒಳಗೆ ಸೇರುತ್ತಾ ಹೋಗುತ್ತದೆ, ಆಮೇಲೆ ಗಟ್ಟಿ ಆಯಿತು ಅನ್ನುತ್ತೀರಿ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ದಪ್ಪ 6 ಮಿಲಿಮೀಟರ್ ಬೇಕು. ತೆಳುವಾದರೆ ಏನೇ ಮಾಡಿದರೂ ಮೆತ್ತಗಿರುವುದಿಲ್ಲ, ಅದು ಗರಿಗರಿ ಬಿಸ್ಕತ್ತೇ. ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಒಂದರ ಮೇಲೊಂದು ಜೋಡಿಸಿ ಅಷ್ಟು ಎತ್ತರ ಮಾಡಿ. ಹಿಟ್ಟಿನ ಆಚೆ ಈಚೆ ಒಂದೊಂದು ಜೋಡಿ ಇಟ್ಟು ಲಟ್ಟಣಿಗೆಯನ್ನು ಅದರ ಮೇಲೆ ಓಡಿಸಿದರೆ ಎಲ್ಲ ಕಡೆ ಒಂದೇ ದಪ್ಪ.

ಲಟ್ಟಿಸಿದ ಮೇಲೆ ಪೇಪರ್ ಸಮೇತ ಫ್ರಿಜ್ಜಿಗೆ ಹಾಕಿ. ಉಂಡೆ ಮಾಡಿ ಫ್ರಿಜ್ಜಿನಲ್ಲಿಟ್ಟು ಆಮೇಲೆ ಲಟ್ಟಿಸುವುದು ಸುಮ್ನೆ ಕೈನೋವು. ಅರ್ಧ ಗಂಟೆ ಬಿಟ್ಟು ಅಚ್ಚು ಒತ್ತಿ. ಆನೆಯನ್ನು ಎತ್ತಬೇಡಿ, ಸುತ್ತಲಿನ ಹಿಟ್ಟನ್ನು ಎತ್ತಿ. ಆನೆ ಪೇಪರ್ ಮೇಲೇ ಕುಳಿತಿರಲಿ, ಪೇಪರ್ ಸಮೇತ ಟ್ರೇಗೆ.

ವಿರಾಜಪೇಟೆ ಆಂಟಿ

ಸುತ್ತಲಿನದನ್ನು ಎತ್ತುವ ಉಪಾಯ ನನಗೆ ಗೊತ್ತಿರಲಿಲ್ಲ ಮಗಾ. ಇಷ್ಟು ವರ್ಷ ಚಟ್ಟುಗದಲ್ಲಿ ಎತ್ತಿ ಎತ್ತಿ ಕಾಲು ಮುರಿದ ಆನೆಗಳನ್ನೇ ತಿಂದೆವು.

ಹಳೇಕಾಲದವ

ತಂಬಿಟ್ಟು, ಏಲಕ್ಕಿ ಪುಟ್ಟು ಎಲ್ಲ ಬಿಟ್ಟು ಅಮೆರಿಕದವರ ಕುಕೀ ಯಾಕೆ? ಹುತ್ತರಿ ಮುಗಿದು ಇನ್ನೂ ಎಷ್ಟು ದಿನ ಆಯಿತು?

ವಿರಾಜಪೇಟೆ ಆಂಟಿ

ಹುತ್ತರಿಗೆ ತಂಬಿಟ್ಟು ಮಾಡಿದವಳೇ ಇದನ್ನೂ ಮಾಡುವುದು ಅಣ್ಣ. ಕಾಫಿಯೂ ನಮ್ಮ ಕಾಡಿನಲ್ಲಿ ಹುಟ್ಟಿದ್ದಲ್ಲ, ಅದನ್ನು ನೀವು ದಿನಕ್ಕೆ ನಾಲ್ಕು ಸಲ ಕುಡಿಯುತ್ತೀರಲ್ವಾ? ನಮಗೆ ಮಾಕುಟ್ಟ ಘಾಟಿ ಇಳಿದರೆ ತಲಶ್ಶೇರಿ ದೂರ ಇಲ್ಲ. ಅಲ್ಲಿನ ಮಂಬಳ್ಳಿ ಬಾಪು 1883ರಲ್ಲಿ ಒಬ್ಬ ಬ್ರಿಟಿಷ್ ದೊರೆ ತಂದು ತೋರಿಸಿದ ಕೇಕನ್ನು ನೋಡಿ, ತಾನೇ ಒಂದು ಮಾಡಿಕೊಟ್ಟ ಕಥೆ ಆ ಕಡೆ ಎಲ್ಲರ ಬಾಯಲ್ಲಿದೆ. ದೊರೆ ಹೇಳಿದ ಬ್ರಾಂದಿ ಬಿಟ್ಟು ಊರಿನ ಸಾರಾಯಿಯನ್ನೇ ಹಾಕಿದನಂತೆ. ಇದ್ದದ್ದರಲ್ಲಿ ಮಾಡಿದ, ಚೆನ್ನಾಗಿಯೇ ಬಂತು. ನಾನೂ ವೆನಿಲಾ ಮುಗಿದರೆ ಏಲಕ್ಕಿ ಕುಟ್ಟಿ ಹಾಕುತ್ತೇನೆ.

ಸೋಮವಾರಪೇಟೆಯವಳು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಏನು ಹಾಕಲಿ?

ಕುಶಾಲನಗರ ಬೇಕರಿ ಹುಡುಗ

ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ನೀರು ಇಳಿಸಿ ಅಕ್ಕ. ಒಂದು ಮೊಟ್ಟೆಗೆ ಮೂರು ಊಟದ ಚಮಚ. ನೀರು ಇಳಿಸದೆ ಹಾಕಿದರೆ ಹಿಟ್ಟು ಕೈಗೆ ಅಂಟುತ್ತದೆ. ತುಪ್ಪ ಹಾಕಬೇಡಿ. ತುಪ್ಪದಲ್ಲಿ ನೀರಿಲ್ಲ, ಅದು ನಾನ್‌ಕಟಾಯ್ ಥರ ಪುಡಿಪುಡಿ ಆಗುತ್ತದೆ. ರುಚಿ ಚೆನ್ನಾಗಿರುತ್ತದೆ, ಆದರೆ ನೀವು ಕೇಳಿದ್ದು ಅದಲ್ಲ.

ಮೊಟ್ಟೆ ಹಾಕುವವರೂ ಎರಡು ಚಮಚ ಇದೇ ಮೊಸರು ಸೇರಿಸಿ ನೋಡಿ, ಮೆತ್ತಗೆ ಬರುತ್ತದೆ. ಮತ್ತೆ 350 ಗ್ರಾಂ ಮೈದಾದಲ್ಲಿ 20 ಗ್ರಾಂ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿ. ಜಿಗುಟು ಕಡಿಮೆಯಾಗುತ್ತದೆ. ಮೈದಾ ಬಿದ್ದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಒಟ್ಟಿಗೆ ಸೇರಿತು ಅಂದರೆ ಕೈ ತೆಗೆದುಬಿಡಿ.

ತಂತಿಮಾಮ (ಮಾದಾಪುರ)

ನನಗೆ ಅಡುಗೆ ಬರುವುದಿಲ್ಲ, ವೈರಿಂಗ್ ಬರುತ್ತದೆ. ತಂಗಿ, ಮನೆಯಲ್ಲಿ ಬೇಯಿಸುವುದು ಎಷ್ಟು ಗಂಟೆಗೆ? ಮೈಸೂರಿನಲ್ಲಿ ಬೇಯಿಸಿದ್ದು ಎಷ್ಟು ಗಂಟೆಗೆ?

ತೋಟದಮನೆ

ಮನೆಯಲ್ಲಿ ಸಂಜೆ ಏಳು, ಏಳೂವರೆಗೆ. ಹಗಲು ಕುಯ್ಲಿನ ಗಲಾಟೆ, ಆಳುಗಳ ಲೆಕ್ಕ, ಪುರುಸೊತ್ತೇ ಇರುವುದಿಲ್ಲ. ಮೈಸೂರಿನಲ್ಲಿ ಮಧ್ಯಾಹ್ನ ಊಟ ಆದ ಮೇಲೆ. ಯಾಕಣ್ಣ?

ತಂತಿಮಾಮ

ಅಂದುಕೊಂಡೆ. ಈಗ ಅರೇಬಿಕಾ ಕಾಫಿ ಕುಯ್ಲು. ಹಗಲು ಕುಯ್ದ ಹಣ್ಣನ್ನು ಅವತ್ತೇ ಸಂಜೆ ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಬೇಕು, ಇಟ್ಟರೆ ಹುಳಿಯುತ್ತದೆ. ನಿಮ್ಮ ಕರೆಂಟ್ ಲೈನಿನಲ್ಲಿ ಇರುವ ಎಲ್ಲ ತೋಟದ ಮೋಟಾರೂ ಆರರಿಂದ ಒಂಬತ್ತರವರೆಗೆ ಒಟ್ಟಿಗೆ ಓಡುತ್ತದೆ. ಆ ಹೊತ್ತಿಗೆ ಟ್ಯೂಬ್‌ಲೈಟ್ ಪಕಪಕ ಅನ್ನುವುದಿಲ್ಲವಾ? ಫ್ರಿಜ್ಜಿನ ಸ್ಟೆಬಿಲೈಸರಿನಲ್ಲಿ ನಂಬರ್ ಬರುತ್ತದೆ, ಇವತ್ತು ಸಂಜೆ ಏಳಕ್ಕೆ ನೋಡಿ ಬರೆಯಿರಿ. ಒಳಗೆ ಬರುವ ವೋಲ್ಟೇಜ್ ನೋಡಬೇಕು, ಹೊರಗೆ ಕೊಡುವುದಲ್ಲ.

ತೋಟದಮನೆ

ನೋಡಿದೆ. 170! ನಡುವೆ ಒಂದು ಸಲ 165. ಓವನ್ ದೀಪ ಉರಿಯುತ್ತಿತ್ತಲ್ಲ, ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ತಂತಿಮಾಮ

ದೀಪ ಉರಿಯುತ್ತದೆ, ರಾಡ್ ಕೆಂಪಗೂ ಕಾಣಬಹುದು, ಆದರೆ ಬಿಸಿ ಇಲ್ಲ. ವೋಲ್ಟೇಜ್ ಇಳಿದಷ್ಟೇ ಶಾಖ ಇಳಿಯುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ, ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟಿಗೆ 1500 ವ್ಯಾಟ್ ಕೊಡುವ ಓಟಿಜಿ 170 ವೋಲ್ಟಿನಲ್ಲಿ 820 ವ್ಯಾಟ್ ಆಸುಪಾಸು ಕೊಡುತ್ತದೆ. ವೋಲ್ಟೇಜ್ ಕಾಲು ಭಾಗ ಹೋದರೆ ಶಾಖ ಹತ್ತಿರ ಹತ್ತಿರ ಅರ್ಧ ಹೋಯಿತು. ಗುಂಡಿ 175ಕ್ಕೆ ತಿರುಗಿಸಿದ್ದೀರಿ, ಆದರೆ ಒಳಗೆ ಅಷ್ಟು ಬಂದಿರುವುದೇ ಅನುಮಾನ. ಬಂದಿದ್ದರೂ ಬಾಗಿಲು ತೆಗೆದು ತಣ್ಣನೆ ಟ್ರೇ ಇಟ್ಟ ತಕ್ಷಣ ಬಿದ್ದಿರುತ್ತದೆ, ಮತ್ತೆ ಏರಲು ತಾಕತ್ತಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಓವನ್ನನ್ನು ಫ್ರಿಜ್ಜಿನ ಸ್ಟೆಬಿಲೈಸರಿಗೆ ಸಿಕ್ಕಿಸಬೇಡಿ, ಅದು ಅಷ್ಟು ಲೋಡ್ ತಡೆಯುವುದಿಲ್ಲ. ಮೊಬೈಲ್ ಚಾರ್ಜ್ ಮಾಡುವ ಉದ್ದ ವೈರಿನ ಬಾಕ್ಸಿಗೂ ಬೇಡ. 16 ಆಂಪಿನ ದೊಡ್ಡ ಸಾಕೆಟ್ ಗೋಡೆಯಲ್ಲೇ ಇರಬೇಕು. ಹೋದ ಡಿಸೆಂಬರಿನಲ್ಲಿ ಕರಗಿದ ಪ್ಲಗ್ಗು ನಾಲ್ಕು ಬದಲಾಯಿಸಿದ್ದೇನೆ, ನಾಲ್ಕೂ ಕೇಕ್ ಮಾಡುವವರ ಮನೆಯಲ್ಲಿ.

ವಿರಾಜಪೇಟೆ ಆಂಟಿ

ಅಯ್ಯೋ ದೇವರೇ, ನಾನು ಸಕ್ಕರೆ ಮೇಲೆ ಅಷ್ಟುದ್ದ ಬರೆದೆನಲ್ಲ! ಈಗ ನನಗೂ ಅರ್ಥವಾಯಿತು. ಬೆಣ್ಣೆ ಕರಗುವುದಕ್ಕೆ 32, 35 ಡಿಗ್ರಿ ಸಾಕು. ಮೊಟ್ಟೆ ಬಿಗಿಯುವುದು 60 ದಾಟಿದ ಮೇಲೆ. ಓವನ್ ಜೋರಾಗಿದ್ದರೆ ಬೆಣ್ಣೆ ಹರಿಯುವ ಮೊದಲೇ ಅಂಚು ಬಿಗಿದುಕೊಳ್ಳುತ್ತದೆ. ನಿನ್ನ ಓವನ್ ನಿಧಾನ. ಬೆಣ್ಣೆ ಕರಗಿ ಕಾಲು ಚಾಚಿ ಮಲಗಿದ ಮೇಲೆ ಮೊಟ್ಟೆಗೆ ಎಚ್ಚರವಾಗುತ್ತದೆ. ಆಮೇಲೆ ನೀನು ಬಣ್ಣಕ್ಕೆ ಕಾಯುತ್ತಾ ಇಪ್ಪತ್ತು ನಿಮಿಷ ಬಿಟ್ಟಿರುತ್ತೀಯಾ. ಅಷ್ಟು ಹೊತ್ತಿಗೆ ಒಳಗಿನ ನೀರೆಲ್ಲ ಒಣಗಿ ಹೋಗುತ್ತದೆ. ಹರಡಿದ್ದಕ್ಕೂ ಕಲ್ಲಾಗಿದ್ದಕ್ಕೂ ಕಾರಣ ಒಂದೇ.

ಎಷ್ಟು ನಿಮಿಷ ಬಿಡುತ್ತಿದ್ದೆ, ಸತ್ಯ ಹೇಳು.

ತೋಟದಮನೆ

ಇಪ್ಪತ್ತೆರಡು. ಅತ್ತೆ ಪಕ್ಕದಲ್ಲೇ ನಿಂತು "ಇನ್ನೂ ಬಿಳಿ ಇದೆ, ಬೆಂದಿಲ್ಲ, ಬಿಡು" ಅನ್ನುತ್ತಿದ್ದರು.

ವಿರಾಜಪೇಟೆ ಆಂಟಿ

ಎಲ್ಲ ಮನೆಯಲ್ಲೂ ಇದೇ ಕಥೆ. ಅವರ ತಪ್ಪಲ್ಲ ಬಿಡು. ನಮ್ಮಲ್ಲಿ ಬಿಸ್ಕತ್ತು ಮೆತ್ತಗಾಯಿತು ಅಂದರೆ ಕೆಟ್ಟಿತು ಅಂತಲೇ ಲೆಕ್ಕ. ಜುಲೈ ಮಳೆಯಲ್ಲಿ ಡಬ್ಬದ ಮುಚ್ಚಳ ಸಡಿಲ ಬಿಟ್ಟರೆ ಸಂಜೆಯೊಳಗೆ ಹಪ್ಪಳವೂ ಬಾಗುತ್ತದೆ. ಆ ಮೆತ್ತಗೆ ಬೇರೆ, ಈ ಮೆತ್ತಗೆ ಬೇರೆ. ಅದು ಹೊರಗಿನ ತೇವ ಕುಡಿದು ಹಸಿಯಾಗಿದ್ದು, ಹಲ್ಲಿಗೆ ಅಂಟುತ್ತದೆ. ಇದು ಒಳಗಿನ ತೇವ ಉಳಿಸಿಕೊಂಡದ್ದು, ಬಾಯಲ್ಲಿ ಕೇಕಿನ ಹಾಗೆ ಬಿಡಿಸಿಕೊಳ್ಳುತ್ತದೆ.

ತೆಗೆಯುವ ಹದ ಹೇಳುತ್ತೇನೆ. ಒಳಗಿಟ್ಟಾಗ ಮೇಲ್ಭಾಗ ಬೆಣ್ಣೆ ಹೊಳಪು ಹೊಳೆಯುತ್ತಿರುತ್ತದೆ. ಆ ಹೊಳಪು ಹೋಗಿ ಮಂಕಾಯಿತು ಅಂದರೆ ಆಯಿತು. ಬಣ್ಣ ಬಿಳಿಯೇ ಇರಲಿ. ತಳದ ಅಂಚಿನಲ್ಲಿ ಕೂದಲೆಳೆಯಷ್ಟು ಹೊಂಬಣ್ಣ ಕಂಡರೆ ಸಾಕು, ಕಾಣದಿದ್ದರೂ ಸರಿ. ಸರಿಯಾದ ಬಿಸಿಗೆ 8ರಿಂದ 10 ನಿಮಿಷ. ಮುಟ್ಟಿದರೆ ಹಸಿ ಅನ್ನಿಸುತ್ತದೆ, ಗಾಬರಿ ಬೇಡ. ಬಿಸಿ ಟ್ರೇ ಮೇಲೇ ಐದು ನಿಮಿಷ ಬಿಡು, ಉಳಿದದ್ದು ಅಲ್ಲೇ ಬೇಯುತ್ತದೆ. ಆ ಐದು ನಿಮಿಷ ಅತ್ತೆಯನ್ನು ಕಾಫಿ ಕಣಕ್ಕೆ ಕಳಿಸಿಬಿಡು.

ಮಡಿಕೇರಿ ಪೀಜಿ

ಕರೆಂಟೇ ಇಲ್ಲದವರ ಕಥೆ ಕೇಳಿ. ನಮ್ಮ ರೂಮಿನಲ್ಲಿ ಓವನ್ ಇಲ್ಲ, ಒಂದು ಗ್ಯಾಸ್ ಒಲೆ. ಹಳೇ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ಒಳಗೆ ಒಂದು ಸ್ಟ್ಯಾಂಡ್, ಮೇಲೆ ಬಿಗಿ ಮುಚ್ಚಳ. ಮಧ್ಯಮ ಉರಿಯಲ್ಲಿ ಹದಿನೈದು ನಿಮಿಷ ಬರೀ ಪಾತ್ರೆ ಕಾಯಿಸಿ, ತಟ್ಟೆಯಲ್ಲಿ ನಾಲ್ಕು ನಾಲ್ಕು ಕುಕೀ ಇಟ್ಟು ಉರಿ ಸಣ್ಣ ಮಾಡುತ್ತೇನೆ. ಹನ್ನೆರಡು ಹದಿಮೂರು ನಿಮಿಷ. ಹೀಗೆ ಕೇಕ್ ಮಾಡಿದರೆ ಮೇಲೆ ಬಣ್ಣ ಬರುವುದಿಲ್ಲ ಎಂದು ಬೇಜಾರು. ಆದರೆ ಈ ಕುಕೀಗೆ ಬಣ್ಣವೇ ಬೇಡವಲ್ಲ, ಹಾಗಾಗಿ ಇದಕ್ಕೆ ಪಾತ್ರೆಯೇ ಸರಿ. ತಳ ಸೀಯದ ಹಾಗೆ ತಟ್ಟೆ ಕೆಳಗೆ ಇನ್ನೊಂದು ತಟ್ಟೆ ಇಡಬೇಕು.

ದಿನಾ ಅನ್ನ ಮಾಡುವ ಕುಕ್ಕರನ್ನು ಹೀಗೆ ಒಣ ಕಾಯಿಸಬೇಡಿ, ಹಾಳಾಗುತ್ತದೆ.

ಹಳೇಕಾಲದವ

ನಮ್ಮ ಅಜ್ಜಿ ಮರಳು ಹಾಕಿದ ಕಂಚಿನ ಪಾತ್ರೆಯಲ್ಲಿ, ಮುಚ್ಚಳದ ಮೇಲೆ ಕೆಂಡ ಹರಡಿ ಕೇಕ್ ಬೇಯಿಸುತ್ತಿದ್ದರು. ಮೇಲೂ ಬಣ್ಣ ಬರುತ್ತಿತ್ತು. ಹೇಳಬಾರದು ಅಂದುಕೊಂಡಿದ್ದೆ.

ಪಂದಿಕರಿಪ್ರಿಯ

ಅಣ್ಣ, ಅಮೆರಿಕದ ಕುಕೀ ಬೇಡ ಅಂದವರು ನೀವೇ ಅಲ್ವಾ?

ಹಳೇಕಾಲದವ

ಕೇಕ್ ಬೇರೆ, ಕುಕೀ ಬೇರೆ.

ತೋಟದಮನೆ

ಹಾಗಾದರೆ ಮೋಟಾರ್ ಓಡದ ಹೊತ್ತಿಗೆ ಬೇಯಿಸಲು ನಾಳೆ ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಐಸಿಂಗ್ ಬಗ್ಗೆಯೂ ಯಾರಾದರೂ ಹೇಳಿಬಿಡಿ. ಹಸಿ ಮೊಟ್ಟೆಯ ಬಿಳಿ ಹಾಕುವುದು ಮಕ್ಕಳಿಗೆ ಬೇಡ ಅನ್ನಿಸುತ್ತದೆ.

ಕುಶಾಲನಗರ ಬೇಕರಿ ಹುಡುಗ

ಬೇಡವೇ ಬೇಡ. ಒಂದು ಕಪ್ ಐಸಿಂಗ್ ಶುಗರ್, ಒಂದೂವರೆ ಚಮಚ ಹಾಲು, ಅರ್ಧ ಚಮಚ ಲಿಕ್ವಿಡ್ ಗ್ಲೂಕೋಸ್. ಗ್ಲೂಕೋಸ್ ಇದ್ದರೆ ಹೊಳಪು ಬರುತ್ತದೆ, ಕಚ್ಚಿದರೆ ಬಿರಿಯುವುದಿಲ್ಲ. ಅದು ಸಿಗದಿದ್ದರೆ ಜೇನು. ಬಿಳಿ ಬಣ್ಣ ಮಾತ್ರ ಸ್ವಲ್ಪ ಹಳದಿಗೆ ತಿರುಗುತ್ತದೆ, ಕಿತ್ತಳೆ ಬಣ್ಣ ಮಾಡುವುದಾದರೆ ತೊಂದರೆ ಇಲ್ಲ. ಚಮಚದಿಂದ ಎತ್ತಿ ಬಿಟ್ಟರೆ ಬಿದ್ದ ಗೆರೆ ಹತ್ತು ಎಣಿಸುವಷ್ಟರಲ್ಲಿ ಮಾಯವಾಗಬೇಕು. ಅದೇ ಹದ.

ಕುಕೀ ಪೂರ್ತಿ ಆರದೆ ಬಳಿಯಬೇಡಿ. ಫ್ಯಾನ್ ಕೆಳಗೆ ನಾಲ್ಕೈದು ಗಂಟೆ ಒಣಗಲಿ. ಈಗ ಹವೆ ಒಣ ಇದೆ, ನಡೆಯುತ್ತದೆ. ಮಳೆಗಾಲದಲ್ಲಿ ಇದನ್ನು ಯೋಚನೆಯೂ ಮಾಡಬೇಡಿ, ಬೆಳಿಗ್ಗೆ ಬಳಿದದ್ದು ರಾತ್ರಿಗೂ ಬೆರಳಿಗೆ ಅಂಟುತ್ತಿರುತ್ತದೆ.

ವಿರಾಜಪೇಟೆ ಆಂಟಿ

ಮನೆ ಹತ್ತಿರ ಕಿತ್ತಳೆ ಗಿಡ ಉಳಿದಿದ್ದರೆ ಎರಡು ಹಣ್ಣಿನ ಸಿಪ್ಪೆ ತುರಿದು ಸಕ್ಕರೆಗೆ ಉಜ್ಜಿ ಹಾಕು. ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ, ಸುಲಿದ ಮೇಲೆ ತುರಿಯಲು ಬರುವುದಿಲ್ಲ. ಹಣ್ಣು ಇಡಿಯಾಗಿ ಇರುವಾಗಲೇ ಮೇಲಿಂದ ಮೇಲೆ ತುರಿಯಬೇಕು. ಬಿಳಿ ಭಾಗ ಬಂದರೆ ಕಹಿ. ಸಂತೆಯಲ್ಲಿ ಕೊಡಗಿನ ಕಿತ್ತಳೆ ಅಂತ ಮಾರುವುದನ್ನು ನಂಬಬೇಡ, ಬಹಳಷ್ಟು ಲಾರಿಯಲ್ಲಿ ಹೊರಗಿನಿಂದ ಬಂದದ್ದು.

ತಂತಿಮಾಮ

ಬೆಳಿಗ್ಗೆ ಇಪ್ಪತ್ತು ನಿಮಿಷ ಮೊದಲೇ ಆನ್ ಮಾಡಿ. ಒಳಗೆ ಕೆಳಗಿನ ಕಂಬಿ ಮೇಲೆ ಹಳೇ ಕಬ್ಬಿಣದ ಕಾವಲಿ ಇಟ್ಟಿರಿ. ರಾಡ್‌ಗೆ ತಾಗಬಾರದು. ಬಾಗಿಲು ತೆಗೆದಾಗ ಬಿಸಿ ಪೂರ್ತಿ ಬೀಳದ ಹಾಗೆ ಅದು ಹಿಡಿದಿಡುತ್ತದೆ.

ತೋಟದಮನೆ

ಮಾಡಿದೆ! ಐದೂ ಮುಕ್ಕಾಲಿಗೆ ಸ್ಟೆಬಿಲೈಸರಿನಲ್ಲಿ 226 ಇತ್ತು. ಬೇಕಾದಷ್ಟು ಬಿಸಿಯಾದರೆ ಓವನ್ನಿನ ಕೆಂಪು ದೀಪ ಆರುತ್ತದೆ. ಸಂಜೆ ಹೊತ್ತು ಅದು ಆರಿದ್ದನ್ನೇ ನಾನು ನೋಡಿರಲಿಲ್ಲ, ಇವತ್ತು ಹನ್ನೆರಡು ನಿಮಿಷಕ್ಕೇ ಆರಿತು. ಆದರೂ ಇಪ್ಪತ್ತು ನಿಮಿಷ ಬಿಟ್ಟೆ.

ಸಕ್ಕರೆ ಮಿಕ್ಸಿಗೆ ಹಾಕಿದ್ದೆ, ಪೌಡರ್ ಅರ್ಧ ಚಮಚ, ಕಾರ್ನ್‌ಫ್ಲೋರ್, ಎರಡು ಚಮಚ ಮೊಸರು. ರಾತ್ರಿಯೇ ಲಟ್ಟಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ಮಗಳ ಸ್ಕೇಲ್ ಈಗ ಬೆಣ್ಣೆ ವಾಸನೆ ಹೊಡೆಯುತ್ತಿದೆ, ಶಾಲೆಗೆ ಒಯ್ಯುವುದಿಲ್ಲವಂತೆ. ಒಂಬತ್ತು ನಿಮಿಷಕ್ಕೆ ತೆಗೆದೆ. ಹೊಳಪು ಹೋಗುವುದು ನಿಜವಾಗಿಯೂ ಕಾಣುತ್ತದೆ ಆಂಟಿ, ಗಾಜಿನ ಹತ್ತಿರ ಮುಖ ಇಟ್ಟು ಕುಳಿತಿದ್ದೆ.

ಸೊಂಡಿಲು ಇದೆ. ಬಾಲವೂ ಇದೆ! ಎಲೆಯ ಚೂಪು ತುದಿ ಮಾತ್ರ ಒಂಚೂರು ಮೊಂಡಾಯಿತು. ಮೂರನೇ ಟ್ರೇ ಹೊತ್ತಿಗೆ ಹಿಟ್ಟು ಫ್ರಿಜ್ಜಿನಿಂದ ಹೊರಗೆ ಇದ್ದು ಮೆತ್ತಗಾಗಿತ್ತು, ಅದರಲ್ಲಿ ಒಂದೆರಡು ಆನೆಗೆ ಹೊಟ್ಟೆ ಬಂದಿದೆ. ಒಟ್ಟು ಮೂವತ್ತೊಂದು ಆಯಿತು. ಆರಿದ ಮೇಲೆ ಒಂದನ್ನು ಮುರಿದೆ. ಕಟುಂ ಅನ್ನಲಿಲ್ಲ, ಬಾಗಿ ಮುರಿಯಿತು.

ಸೋಮವಾರಪೇಟೆಯವಳು

ಅಭಿನಂದನೆ ಅಕ್ಕ. ಅತ್ತೆ ಏನಂದರು?

ತೋಟದಮನೆ

"ರುಚಿ ಇದೆ, ಬೆಂದಿಲ್ಲ" ಅಂದರು. ಅಂದುಕೊಂಡೇ ಮೂರು ತಿಂದರು.

ತಂತಿಮಾಮ

ಸೊಂಡಿಲು ಇರುವುದು ಎರಡು ತೆಗೆದಿಡಿ. ಶನಿವಾರ ನಿಮ್ಮ ಕಡೆ ಪಲ್ಪರ್ ಮೋಟಾರ್ ನೋಡಲು ಬರುವುದಿದೆ.